ಕೊನೆಯ ದಿನದ ಮರುದಿನ

2025ರ ಸೆಪ್ಟೆಂಬರ್ 25, ಗುರುವಾರ. ನಮ್ಮಲ್ಲಿ ಬಹಳಷ್ಟು ಜನರಿಗೆ ಅದು ಮಾಮೂಲಿ ದಿನ. ಆದರೆ ಬೇರೆ ಬೇರೆ ದೇಶಗಳ ಕೆಲವು ಮನೆಗಳಲ್ಲಿ ಆ ದಿನ ಎದ್ದು ಕೆಲಸಕ್ಕೆ ಹೊರಡುವುದು ಸುಲಭವಾಗಿರಲಿಲ್ಲ. ಹಿಂದಿನ ಎರಡು ದಿನ, ಅಂದರೆ 23 ಮತ್ತು 24ರಂದು, ಯೇಸು ಬಂದು ತಮ್ಮನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಆ ಮನೆಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು. ದಕ್ಷಿಣ ಆಫ್ರಿಕಾದ ಒಬ್ಬ ವ್ಯಕ್ತಿ, 2018ರಲ್ಲಿ ತನಗೆ ಕನಸಿನಲ್ಲಿ ಯೇಸು ಕಾಣಿಸಿಕೊಂಡು ಈ ದಿನ ತಿಳಿಸಿದರು ಎಂದು ಯೂಟ್ಯೂಬ್ ಸಂದರ್ಶನವೊಂದರಲ್ಲಿ ಹೇಳಿದ್ದರು. ಯೆಹೂದ್ಯರ ತುತೂರಿಗಳ ಹಬ್ಬವೂ ಅದೇ ಹೊತ್ತಿಗೆ ಬಂದಿತ್ತು. ಮಾತು ಟಿಕ್‌ಟಾಕ್‌ಗೆ ಹಾರಿತು. ಕಾರು ಮಾರಿದೆ, ಕೆಲಸ ಬಿಟ್ಟೆ ಎಂದು ಜನ ವಿಡಿಯೊ ಹಾಕಿದರು. ಟಿಕ್‌ಟಾಕ್ ಇಲ್ಲದ ನಮ್ಮ ದೇಶಕ್ಕೂ ಅದು ವಾಟ್ಸಾಪ್ ಮೂಲಕ ಬಂತು. ನಾನಿರುವ ಸಭೆಯ, ಅಂದರೆ ಚರ್ಚಿನ, ಗುಂಪಿಗೂ ಬಂತು.

ಎರಡು ದಿನ ಕಳೆದವು. ಏನೂ ಆಗಲಿಲ್ಲ. ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ ಹಿಡಿದು, ಅದು ಅಕ್ಟೋಬರ್‌ನಲ್ಲಿ ಎಂದು ದಿನ ಮುಂದೆ ಹೋಯಿತು. ಆ ದಿನವೂ ಕಳೆಯಿತು. ಅಷ್ಟರಲ್ಲಿ ನಗುವವರ ವಿಡಿಯೊಗಳು, ನಂಬಿದವರ ವಿಡಿಯೊಗಳಿಗಿಂತ ಜಾಸ್ತಿ ಓಡತೊಡಗಿದ್ದವು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಜನ ಇದನ್ನೆಲ್ಲ ಹೇಗೆ ನಂಬುತ್ತಾರೆ? ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ ಪ್ರಶ್ನೆ. ಹೇಳಿದ ದಿನ ಕಳೆದು ಬೆಳಗಾದಾಗ ನಂಬಿದವರು ಏನು ಮಾಡುತ್ತಾರೆ? ನಂಬದೆ ಉಳಿದ ಕ್ರೈಸ್ತರು ಅವರನ್ನು ಹೇಗೆ ನೋಡುತ್ತಾರೆ? ಈ ಎರಡಕ್ಕೂ ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸ ಇದೆ.

ಮೊದಲಿಗೇ ಒಂದು ವಿಷಯ ಬಿಡಿಸಿ ಹೇಳಬೇಕು. ಯೇಸು ಮತ್ತೆ ಬರುತ್ತಾರೆ ಎಂಬುದು ಯಾವುದೋ ಸಣ್ಣ ಗುಂಪಿನ ನಂಬಿಕೆ ಅಲ್ಲ. ಕ್ಯಾಥೊಲಿಕ್ ಆಗಲಿ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗಲಿ, ಪೆಂಟೆಕೋಸ್ಟ್ ಆಗಲಿ, ಎರಡನೇ ಬರೋಣವನ್ನು ಎಲ್ಲರೂ ನಂಬುತ್ತಾರೆ. ಆರಾಧನೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣದಲ್ಲೇ ಅದು ಇದೆ. ತಕರಾರು ಇರುವುದು ದಿನ ಗೊತ್ತುಮಾಡುವುದರ ಬಗ್ಗೆ. ಮತ್ತಾಯನ ಸುವಾರ್ತೆ 24ನೇ ಅಧ್ಯಾಯದ 36ನೇ ವಚನ ಆ ದಿನವಾಗಲಿ ಆ ಗಳಿಗೆಯಾಗಲಿ ತಂದೆಗೆ ಹೊರತು ಯಾರಿಗೂ ಗೊತ್ತಿಲ್ಲ ಎನ್ನುತ್ತದೆ. ವಿಶ್ವಾಸಿಗಳು ಹಠಾತ್ತನೆ ಆಕಾಶಕ್ಕೆ ಎತ್ತಲ್ಪಡುತ್ತಾರೆ, ಉಳಿದವರು ಭೂಮಿಯ ಮೇಲೆ ಸಂಕಟ ಅನುಭವಿಸುತ್ತಾರೆ ಎಂದು ಈಗ ಪ್ರಚಾರದಲ್ಲಿರುವ ಚಿತ್ರವಂತೂ ಇನ್ನೂ ಈಚಿನದು. 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ಅದಕ್ಕೆ ರೂಪ ಕೊಟ್ಟರು. 1909ರಲ್ಲಿ ಟಿಪ್ಪಣಿಗಳ ಸಮೇತ ಅಚ್ಚಾದ ಸ್ಕೋಫೀಲ್ಡ್ ಬೈಬಲ್ ಅದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಅಲ್ಲಿಂದ ಮಿಷನರಿಗಳು, ಪುಸ್ತಕಗಳು, ರೇಡಿಯೊ, ಟಿವಿ ಮೂಲಕ ಅದು ನಮ್ಮವರೆಗೂ ಬಂತು.

ಕಾದು ಕಾದು ಬೇಸರವಾಗುವುದು ಮಾತ್ರ ಮೊದಲ ತಲೆಮಾರಿನಲ್ಲೇ ಶುರುವಾಗಿತ್ತು. ಗ್ರೀಸಿನ ಥೆಸಲೋನಿಕ ಊರಿನ ಸಭೆಯಲ್ಲಿ, ಯೇಸು ಬರುವ ಮೊದಲೇ ತೀರಿಕೊಂಡ ನಮ್ಮವರ ಗತಿ ಏನು ಎಂದು ಜನ ಅತ್ತಿದ್ದರು. ಯೇಸುವಿನ ಅಪೊಸ್ತಲ ಪೌಲ ಅವರಿಗೆ ಸಮಾಧಾನದ ಪತ್ರ ಬರೆದ. ಎರಡನೇ ಪತ್ರದಲ್ಲಿ ಸ್ವಲ್ಪ ಗಟ್ಟಿಯಾಗಿಯೇ, ಕೆಲಸ ಮಾಡಲು ಒಪ್ಪದವನು ಊಟವನ್ನೂ ಮಾಡಬಾರದು ಎಂದ. ಕೆಲಸ ಬಿಟ್ಟು ಕೂತವರು ಆಗಲೂ ಇದ್ದರು. ಪೇತ್ರನ ಹೆಸರಿನ ಎರಡನೇ ಪತ್ರದಲ್ಲಿ, ಆತನು ಬರುತ್ತೇನೆಂದು ಹೇಳಿದ ಮಾತು ಎಲ್ಲಿ ಹೋಯಿತು ಎಂದು ಅಣಕಿಸುವವರ ಪ್ರಸ್ತಾಪ ಇದೆ. ನಾಲ್ಕು-ಐದನೇ ಶತಮಾನದಲ್ಲಿದ್ದ ಕ್ರೈಸ್ತ ಧರ್ಮಪಂಡಿತ ಅಗಸ್ಟೀನ್, ದಿನ ಎಣಿಸುವವರೆಲ್ಲ ಬೆರಳು ಸಡಿಲಿಸಿ ಸುಮ್ಮನಿರಲಿ ಎಂದು ಬರೆದರು. ಕಾಲ ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಯೇಸು ಹೇಳಿದ ಮಾತು ಎಣಿಸುವ ಬೆರಳುಗಳನ್ನೇ ಬಿಡಿಸುತ್ತದೆ ಎಂಬುದು ಅವರ ವಾದ.

ಬೆರಳು ಸಡಿಲವಾಗಲಿಲ್ಲ. ಇದರಲ್ಲಿ ಅತಿ ದೊಡ್ಡ ಪೆಟ್ಟು ತಿಂದವರ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವಿಲಿಯಂ ಮಿಲ್ಲರ್ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಎಂಬ ಊರಿನ ರೈತ. ಅಮೆರಿಕ-ಬ್ರಿಟನ್ ನಡುವಿನ 1812ರ ಯುದ್ಧದಲ್ಲಿ ಹೋರಾಡಿ ಬಂದವರು. ಒಂದು ಕಾಲಕ್ಕೆ ಬೈಬಲನ್ನೇ ನಂಬದೆ ಇದ್ದವರು, ಆಮೇಲೆ ಬ್ಯಾಪ್ಟಿಸ್ಟ್ ಆದರು. ಬೈಬಲನ್ನು ಒಂದೊಂದೇ ವಚನವಾಗಿ ಓದುತ್ತಾ ದಾನಿಯೇಲನ ಪುಸ್ತಕದ 8ನೇ ಅಧ್ಯಾಯಕ್ಕೆ ಬಂದರು. ಅಲ್ಲಿ 2,300 ದಿನಗಳಾದ ಮೇಲೆ ಪವಿತ್ರಸ್ಥಳ ಶುದ್ಧವಾಗುವುದು ಎಂಬ ಮಾತಿದೆ. ದಿನ ಅಂದರೆ ವರ್ಷ, ಪವಿತ್ರಸ್ಥಳ ಅಂದರೆ ಭೂಮಿ ಎಂದು ಅವರು ಅರ್ಥ ಮಾಡಿದರು. ಕ್ರಿ.ಪೂ. 457ರಿಂದ ಎಣಿಸಿದರೆ ಬರುವುದು 1843. ಅದನ್ನು ಸುಮಾರು ಹದಿಮೂರು ವರ್ಷ ಮನಸ್ಸಲ್ಲೇ ಇಟ್ಟುಕೊಂಡಿದ್ದರು. 1831ರಲ್ಲಿ ಹೇಳಲು ಶುರು ಮಾಡಿದರು. ಆಗಲೂ ಇಂಥದೇ ದಿನ ಎಂದು ಹೇಳಲಿಲ್ಲ. ಆಮೇಲೆ ಬಾಸ್ಟನ್‌ನ ಜೋಶುವಾ ಹೈಮ್ಸ್ ಎಂಬ ಪಾಸ್ಟರ್ ಜೊತೆಯಾದರು. ಪತ್ರಿಕೆ, ಚಾರ್ಟು, ದೊಡ್ಡ ಗುಡಾರ ಎಲ್ಲವೂ ಬಂದವು. ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆ ವರ್ಷ ಇಲ್ಲ ಎಂದು ಲೆಕ್ಕ ತಿದ್ದಿದಾಗ 1843 ಹೋಗಿ 1844 ಆಯಿತು. ಕೊನೆಗೆ ಸ್ಯಾಮುಯೆಲ್ ಸ್ನೋ ಎಂಬವರು ಯೆಹೂದ್ಯರ ದೋಷಪರಿಹಾರಕ ದಿನದ ಲೆಕ್ಕ ಹಾಕಿ ಅಕ್ಟೋಬರ್ 22 ಎಂದರು. ಮಿಲ್ಲರ್ ಅದನ್ನು ಒಪ್ಪಿದ್ದು ಕೊನೆಯ ವಾರಗಳಲ್ಲಿ ಮಾತ್ರ.

ಆ ಹೊತ್ತಿಗೆ ಅವರ ಮಾತು ನಂಬಿದವರು 50 ಸಾವಿರದಿಂದ 1 ಲಕ್ಷ ಇದ್ದರು ಎಂದು ಅಂದಾಜು. ಆಲೂಗಡ್ಡೆ ಕೀಳದೆ ಹೊಲದಲ್ಲೇ ಬಿಟ್ಟವರಿದ್ದರು. ಅಂಗಡಿ ಮುಚ್ಚಿದವರಿದ್ದರು. ಸಾಲ ತೀರಿಸಿ, ಜಗಳ ಆಡಿದವರ ಬಳಿ ಹೋಗಿ ಕ್ಷಮೆ ಕೇಳಿ ಬಂದವರೂ ಇದ್ದರು. ಈ ಕೊನೆಯದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ನೆನಪಿರುವುದು ಬಿಳಿ ನಿಲುವಂಗಿ ತೊಟ್ಟು ಗುಡ್ಡ ಹತ್ತಿ ನಿಂತರು ಎಂಬ ಕತೆ. ಆ ಕತೆಗೆ ಗಟ್ಟಿ ಆಧಾರವೇ ಸಿಗುವುದಿಲ್ಲ. ನಗಬೇಕು ಎಂದುಕೊಂಡವರು ಕಟ್ಟಿದ ಮಾತು ನೂರಕ್ಕೂ ಹೆಚ್ಚು ವರ್ಷ ಉಳಿಯಿತು.

ರಾತ್ರಿ ಹನ್ನೆರಡು ದಾಟಿತು. ಹೈರಮ್ ಎಡ್ಸನ್ ಎಂಬ ರೈತ ಆ ರಾತ್ರಿಯ ಬಗ್ಗೆ ಬರೆದಿಟ್ಟಿದ್ದಾರೆ. ಬೆಳಕು ಹರಿಯುವವರೆಗೆ ಅತ್ತೆವು, ಅತ್ತೇ ಅತ್ತೆವು ಎನ್ನುತ್ತಾರೆ. ಮಿಲ್ಲರ್ ತಮ್ಮ ಪತ್ರವೊಂದರಲ್ಲಿ, ಇನ್ನೂ ಮೇಲೆ ಹೋಗಿಲ್ಲವೇ ಎಂದು ಬೀದಿಯ ಚಿಕ್ಕ ಮಕ್ಕಳೂ ಕೂಗುತ್ತಿದ್ದಾರೆ ಎಂದು ಬರೆದರು. ಕೆಲವು ಊರುಗಳಲ್ಲಿ ಅವರ ಕೂಟದ ಜಾಗಗಳ ಮೇಲೆ ಗುಂಪು ನುಗ್ಗಿತು. ಲೋ ಹ್ಯಾಂಪ್ಟನ್‌ನ ಬ್ಯಾಪ್ಟಿಸ್ಟ್ ಸಭೆ 1845ರಲ್ಲಿ ಮಿಲ್ಲರ್ ಅವರನ್ನು ಹೊರಗೆ ಹಾಕಿತು. ತಪ್ಪಾಯಿತು ಎಂದು ಅವರು ಬಹಿರಂಗವಾಗಿಯೇ ಒಪ್ಪಿಕೊಂಡಿದ್ದರು. ಮೊದಲ ಗಡುವು ಮೀರಿದ ಮೇಲೆ 1844ರ ಮೇ ತಿಂಗಳಲ್ಲೇ, ನನ್ನ ತಪ್ಪು ಒಪ್ಪುತ್ತೇನೆ, ಆದರೂ ಕರ್ತನ ದಿನ ಹತ್ತಿರವಿದೆ ಎಂದೇ ನಂಬುತ್ತೇನೆ ಎಂದು ಬರೆದಿದ್ದರು. ಒಪ್ಪಿಕೊಂಡರೂ ಅವರಿಗೆ ಹಳೆಯ ಬಾಗಿಲು ತೆರೆಯಲಿಲ್ಲ. 1848ರಲ್ಲಿ ತಮ್ಮ ಹೊಲದ ಪಕ್ಕದಲ್ಲೇ ಪುಟ್ಟ ಚಾಪೆಲ್ ಕಟ್ಟಿಸಿದರು. ಮರುವರ್ಷ ತೀರಿಕೊಂಡರು.

ಅವರ ಹಿಂದೆ ಬಂದವರು ನಾನಾ ದಿಕ್ಕು ಹಿಡಿದರು. ಕೆಲವರು ಮತ್ತೆ ಮತ್ತೆ ಹೊಸ ದಿನ ಎಣಿಸಿದರು. ಕೆಲವರು ಶೇಕರ್ ಎಂಬ ಪಂಗಡ ಸೇರಿದರು. ಕೆಲವರು ಹಳೆಯ ಸಭೆಗೆ ತಲೆ ತಗ್ಗಿಸಿಕೊಂಡು ಹೋದರು. ನಂಬಿಕೆಯನ್ನೇ ಬಿಟ್ಟವರೂ ಇದ್ದಾರೆ. ಒಂದು ಸಣ್ಣ ಗುಂಪು ಮಾತ್ರ ಬೇರೆಯೇ ದಾರಿಗೆ ಬಂತು. ಅಕ್ಟೋಬರ್ 23ರ ಬೆಳಗ್ಗೆ ಎಡ್ಸನ್ ಜೋಳದ ಹೊಲ ಹಾದು ನಡೆಯುತ್ತಿದ್ದಾಗ ಅವರಿಗೆ ಒಂದು ವಿಚಾರ ಹೊಳೆಯಿತು: ದಿನ ಸರಿಯಾಗಿಯೇ ಇದೆ, ನಡೆದದ್ದು ಏನು ಎಂಬುದನ್ನು ನಾವು ತಪ್ಪಾಗಿ ತಿಳಿದೆವು. ಯೇಸು ಭೂಮಿಗೆ ಬರುವ ಬದಲು ಪರಲೋಕದ ಮಹಾಪವಿತ್ರಸ್ಥಾನಕ್ಕೆ ಪ್ರವೇಶಿಸಿದರು ಎಂಬುದು ಆ ವಿಚಾರ. ಇದನ್ನು ಕೇಳಿದವರಿಗೆ ಜಾರಿಕೊಳ್ಳುವ ಮಾತು ಅನಿಸುವುದು ಸಹಜ. ಕಣ್ಣಿಗೆ ಕಾಣದ ಕಡೆ ನಡೆದ ಘಟನೆಯನ್ನು ಯಾರು ತಾನೇ ಪರೀಕ್ಷೆ ಮಾಡಲು ಸಾಧ್ಯ? ನನಗೂ ಆ ಬದಲಾವಣೆ ಒಪ್ಪಿಗೆಯಾಗುವುದಿಲ್ಲ. ಆದರೆ ಆಮೇಲೆ ಅವರು ಮಾಡಿದ್ದನ್ನು ನೋಡಬೇಕು. ಇನ್ನು ಮುಂದೆ ದಿನ ಗೊತ್ತುಮಾಡುವುದು ಬೇಡ ಎಂದು ಆ ಗುಂಪಿನ ಮುಂದಾಳು ಎಲೆನ್ ವೈಟ್ ಗಟ್ಟಿಯಾಗಿ ಹೇಳಿದರು. 1863ರಲ್ಲಿ ಸುಮಾರು 3,500 ಸದಸ್ಯರೊಂದಿಗೆ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಕಟ್ಟಿದರು. ಶಾಲೆ, ಆಸ್ಪತ್ರೆ, ಸಸ್ಯಾಹಾರ, ಆರೋಗ್ಯ ಅವರ ಮುಖ್ಯ ಕೆಲಸವಾಯಿತು. ಇವತ್ತು ಬೆಳಗ್ಗೆ ತಿನ್ನುವ ಕಾರ್ನ್ ಫ್ಲೇಕ್ಸ್ ಕೂಡ ಅವರ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ಅಡುಗೆಮನೆಯಿಂದಲೇ ಬಂದದ್ದು. ಈಗ ಆ ಸಭೆಯಲ್ಲಿ 2 ಕೋಟಿಗೂ ಹೆಚ್ಚು ಜನ ಇದ್ದಾರೆ.

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಲ್ಲಿ ಓಡಾಡುವವರು ದೂರವಾಣಿನಗರದ ಲೌರಿ ಕಾಲೇಜಿನ ಬೋರ್ಡು ನೋಡಿರುತ್ತೀರಿ. ಅದು ಇದೇ ಅಡ್ವೆಂಟಿಸ್ಟರ ಸಂಸ್ಥೆ. ಅಲ್ಲಿ ಓದಿ ಹೊರಬಂದ ಎಷ್ಟೋ ಕನ್ನಡದ ಮಕ್ಕಳಿಗೆ ತಮ್ಮ ಕಾಲೇಜಿನ ಬೇರು 1844ರ ಆ ಅಳುವ ರಾತ್ರಿಯಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಹ್ಯಾರಲ್ಡ್ ಕ್ಯಾಂಪಿಂಗ್ ಸಿವಿಲ್ ಎಂಜಿನಿಯರಿಂಗ್ ಓದಿ ಕಟ್ಟಡ ಕಟ್ಟಿಸುವ ವ್ಯವಹಾರ ಮಾಡಿದವರು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಿಂದ ನಡೆಯುತ್ತಿದ್ದ ಫ್ಯಾಮಿಲಿ ರೇಡಿಯೊ ಅವರೂ ಸೇರಿ ಕಟ್ಟಿದ್ದು. ಕೇಳುಗರು ಫೋನ್ ಮಾಡಿ ಬೈಬಲ್ ಬಗ್ಗೆ ಪ್ರಶ್ನೆ ಕೇಳುವ ಅವರ ಕಾರ್ಯಕ್ರಮ ದಶಕಗಟ್ಟಲೆ ನಡೆಯಿತು. ನಿಧಾನವಾದ, ಭಾರವಾದ ದನಿ. ಕೂಗಾಟ ಇಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಕ್ರಿಸ್ತ ಬರಬಹುದು ಎಂದು ಮೊದಲು ಹೇಳಿದರು. ಆಗಲಿಲ್ಲ. ಆಮೇಲೆ 2011ರ ಮೇ 21 ಎಂದರು. ಈ ಸಲ "ಬರಬಹುದು" ಎಂಬ ಮಾತಿರಲಿಲ್ಲ, ಖಂಡಿತ ಎಂದರು.

ಅವರ ಲೆಕ್ಕ ಹೀಗಿತ್ತು. ನೋಹನ ಜಲಪ್ರಳಯ ಆದದ್ದು ಕ್ರಿ.ಪೂ. 4990ರಲ್ಲಿ. ಆದಿಕಾಂಡದಲ್ಲಿ ದೇವರು ನೋಹನಿಗೆ ಇನ್ನು ಏಳು ದಿನ ಎಂದಿದ್ದಾರೆ. ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎಂದು ಪೇತ್ರನ ಪತ್ರ ಹೇಳುತ್ತದೆ. ಹಾಗಾದರೆ ಏಳು ಸಾವಿರ ವರ್ಷ. 4990ಕ್ಕೆ 2011 ಕೂಡಿ, ಸೊನ್ನೆ ವರ್ಷ ಇಲ್ಲವೆಂದು ಒಂದು ಕಳೆದರೆ ಸರಿಯಾಗಿ 7,000. ಇದನ್ನು ಓದುವಾಗ ನನಗೆ ಮಿಲ್ಲರ್ ಕಡೆಯವರು ತಿದ್ದಿಕೊಂಡ ಅದೇ ಸೊನ್ನೆ ವರ್ಷ ನೆನಪಾಗುತ್ತದೆ. ಕೂಡುವ ಕಳೆಯುವ ಕೆಲಸದಲ್ಲಿ ಇಬ್ಬರೂ ಎಚ್ಚರ ತಪ್ಪಿರಲಿಲ್ಲ. ಕವಿತೆಯಾಗಿ, ದರ್ಶನವಾಗಿ, ಕತೆಯಾಗಿ ಬರೆದ ಮಾತನ್ನು ರೈಲ್ವೆ ವೇಳಾಪಟ್ಟಿಯಂತೆ ಓದಿದ್ದರಲ್ಲೇ ತಪ್ಪು ಇದ್ದದ್ದು. ಆದರೆ ಮೇಲಿನ ಲೆಕ್ಕ ಅಷ್ಟು ಚೊಕ್ಕಟವಾಗಿ ಹೊಂದಿದಾಗ, ಕೆಳಗಿನ ತಪ್ಪು ಕಾಣುವುದೇ ಇಲ್ಲ. 1988ಕ್ಕೆ ದಿನ ಇಟ್ಟು ಪುಸ್ತಕ ಬರೆದು ಲಕ್ಷಗಟ್ಟಲೆ ಪ್ರತಿ ಹಂಚಿದ ಎಡ್ಗರ್ ವಿಸನಂಟ್ ನಾಸಾದಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್. ಇವರು ಯಾರೂ ಪೆದ್ದರಲ್ಲ. ಎಲ್ಲದಕ್ಕೂ ಒಂದು ಸರಿಯಾದ ಲೆಕ್ಕ ಇದ್ದೇ ಇರುತ್ತದೆ ಎಂದು ನಂಬಿದವರು.

ಸಾವಿರಾರು ಬಿಲ್‌ಬೋರ್ಡ್‌ಗಳು ಎದ್ದವು. ಪ್ರಚಾರದ ವಾಹನಗಳು ಅಮೆರಿಕದ ಉದ್ದಗಲ ಓಡಿದವು. ನ್ಯೂಯಾರ್ಕ್‌ನ ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಒಬ್ಬರು ತಮ್ಮ ಉಳಿತಾಯದ 1 ಲಕ್ಷ 40 ಸಾವಿರ ಡಾಲರ್ ಹಾಕಿ ಬಸ್ಸು, ರೈಲುಗಳಲ್ಲಿ ಜಾಹೀರಾತು ಹಾಕಿಸಿದರು. ಮೇ 21ರ ಶನಿವಾರ ಸಂಜೆ ಆರಕ್ಕೆ ಅವರು ಟೈಮ್ಸ್ ಸ್ಕ್ವೇರ್‌ನಲ್ಲಿ ನಿಂತಿದ್ದರು. ಸುತ್ತ ಕ್ಯಾಮೆರಾಗಳು, ನಗುವ ಜನ. ಆರು ಗಂಟೆ ಆಯಿತು. ಏನೂ ಆಗಲಿಲ್ಲ. ಏನು ಹೇಳಬೇಕೆಂದು ಅವರಿಗೆ ತೋಚಲಿಲ್ಲ. ಆ ಗಳಿಗೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಬದುಕಿಡೀ ದುಡಿದು ಕೂಡಿಟ್ಟದ್ದನ್ನು ಬೇರೆಯವರು ಉಳಿಯಲಿ ಎಂದು ಖರ್ಚು ಮಾಡಿದ ಮನುಷ್ಯ ಅವರು.

ಅಮೆರಿಕದಾಚೆಗೂ ಆ ರೇಡಿಯೊ ಮುಟ್ಟಿತ್ತು. ವಿಯೆಟ್ನಾಂನ ವಾಯವ್ಯದ ಬೆಟ್ಟಗಳಲ್ಲಿ, ಡಿಯೆನ್ ಬಿಯೆನ್ ಪ್ರಾಂತ್ಯದಲ್ಲಿ, ಸಾವಿರಾರು ಮಂದಿ ಮಾಂಗ್ ಬುಡಕಟ್ಟಿನವರು ಆ ಮೇ ತಿಂಗಳಲ್ಲಿ ಒಂದೆಡೆ ಸೇರಿದರು. ತಮ್ಮ ಭಾಷೆಯಲ್ಲೇ ಬರುತ್ತಿದ್ದ ಕ್ಯಾಂಪಿಂಗ್ ಬೋಧನೆಯನ್ನು ಅವರಲ್ಲಿ ಅನೇಕರು ಕೇಳಿದ್ದರು ಎಂದು ವರದಿಗಳಾದವು. ಸರ್ಕಾರ ಸೈನ್ಯ ಕಳಿಸಿ ಅವರನ್ನು ಚದುರಿಸಿತು. ಓಕ್ಲೆಂಡ್‌ನ ಸ್ಟುಡಿಯೊದಲ್ಲಿ ಕೂತು ಆಡಿದ ಮಾತಿಗೆ ಎಲ್ಲೋ ಬೆಟ್ಟದ ಮೇಲಿನ ಬಡವರು ಬೆಲೆ ತೆತ್ತರು.

ಎರಡು ದಿನ ಬಿಟ್ಟು ಕ್ಯಾಂಪಿಂಗ್ ಮತ್ತೆ ಮೈಕಿನ ಮುಂದೆ ಬಂದರು. ಮೇ 21ರಂದು ನ್ಯಾಯತೀರ್ಪು ಬಂದದ್ದು ನಿಜ, ಆದರೆ ಅದು ಆತ್ಮಿಕವಾಗಿ ಬಂತು, ಲೋಕದ ಕೊನೆ ಅಕ್ಟೋಬರ್ 21ಕ್ಕೆ ಎಂದರು. ಎಡ್ಸನ್ ಹೊಲದಲ್ಲಿ ಹೊಳೆದ ಅದೇ ದಾರಿ ಇದು: ದಿನ ಉಳಿಯಿತು, ಘಟನೆ ಕಣ್ಮರೆಯಾಯಿತು. ಜನ ಕೊಟ್ಟ ಹಣ ಹಿಂದಿರುಗಿಸುತ್ತೀರಾ ಎಂದು ಪತ್ರಕರ್ತರು ಕೇಳಿದರು. ಕೊನೆ ಇನ್ನೂ ಬಂದಿಲ್ಲವಲ್ಲ, ಯಾಕೆ ಕೊಡಬೇಕು ಎಂಬರ್ಥದ ಉತ್ತರ ಬಂತು. ಜೂನ್‌ನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಅಕ್ಟೋಬರ್ 21 ಕೂಡ ಬಂದು ಹೋಯಿತು.

ಆಮೇಲೆ ನಡೆದದ್ದು ಬಹಳ ಅಪರೂಪ. 2012ರ ಮಾರ್ಚ್‌ನಲ್ಲಿ ಕೇಳುಗರಿಗೆ ಅವರದೊಂದು ಪತ್ರ ಬಂತು. ದಿನ ಹೇಳಿದ್ದು ತಪ್ಪು ಮಾತ್ರವಲ್ಲ, ಪಾಪ ಎಂದು ಅದರಲ್ಲಿ ಇತ್ತು. ಆ ದಿನ ಯಾರಿಗೂ ತಿಳಿಯದು ಎಂಬ ವಚನ ತೋರಿಸಿ ಎಚ್ಚರಿಸಿದವರೇ ಸರಿ, ನಾವು ಕಿವಿಗೊಡಲಿಲ್ಲ ಎಂದಿದ್ದರು. ಇನ್ನೊಂದು ದಿನ ಹುಡುಕುವ ಆಸೆಯೇ ಇಲ್ಲ ಎಂದೂ ಬರೆದಿದ್ದರು. ಆಗ ಅವರಿಗೆ 90 ವರ್ಷ. ಮರುವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಹಾಗೆ ಬರೆಯುವುದು ಸಣ್ಣ ಮಾತಲ್ಲ. ಆದರೆ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನವಾಗುವುದಿಲ್ಲ. ಪ್ರವಾದನೆ ಸಾವಿರಾರು ಬಿಲ್‌ಬೋರ್ಡ್ ಮೇಲೆ ಬಂದಿತ್ತು. ಕ್ಷಮೆ ಒಂದೇ ಪತ್ರದಲ್ಲಿ ಬಂತು. ಕಳೆದ ಹಣ ವಾಪಸ್ ಬರಲಿಲ್ಲ.

ಹೀಗೆ ನಂಬಿದವರು ಏಕೆ ಒಮ್ಮೆಗೇ ಬಿಟ್ಟುಬಿಡುವುದಿಲ್ಲ ಎಂಬುದಕ್ಕೆ ಒಂದು ಹೆಸರಾಂತ ವಿವರಣೆ ಇದೆ. 1954ರ ಡಿಸೆಂಬರ್‌ನಲ್ಲಿ ಷಿಕಾಗೊ ಬಳಿ ಒಂದು ಸಣ್ಣ ಗುಂಪು, ಮಹಾಪ್ರವಾಹ ಬರುತ್ತದೆ, ಹಾರುವ ತಟ್ಟೆ ಬಂದು ನಮ್ಮನ್ನು ಉಳಿಸುತ್ತದೆ ಎಂದು ಕಾಯುತ್ತಿತ್ತು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಗುಟ್ಟಾಗಿ ಅದರೊಳಗೆ ಸೇರಿ ಗಮನಿಸಿದರು. ಮಾತು ಸುಳ್ಳಾದ ಮೇಲೆ ಆ ಜನ ಇನ್ನೂ ಹುರುಪಿನಿಂದ ಪ್ರಚಾರಕ್ಕೆ ಇಳಿದರು ಎಂಬುದು ಅವರ ತೀರ್ಮಾನ. ನಂಬಿಕೆಗೂ ಕಣ್ಣೆದುರಿನ ಸತ್ಯಕ್ಕೂ ತಾಳೆಯಾಗದ ಆ ಕಸಿವಿಸಿಗೆ ಕಾಗ್ನಿಟಿವ್ ಡಿಸೊನೆನ್ಸ್ ಎಂಬ ಹೆಸರು ಬಂತು. ಅಂದಿನಿಂದ ಕ್ರೈಸ್ತರ ಪ್ರತಿ ಸುಳ್ಳಾದ ದಿನಕ್ಕೂ ಇದೇ ವಿವರಣೆ ಅಂಟಿಸುವುದು ರೂಢಿ. ಆದರೆ ಆ ಸಂಶೋಧಕರ ಹಳೆಯ ಕಡತಗಳನ್ನು ಬಿಚ್ಚಿ ನೋಡಿ 2025ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳುತ್ತದೆ. ಒಳಗೆ ಸೇರಿದ್ದ ಸಂಶೋಧಕರೇ ಗುಂಪಿನ ಮೇಲೆ ಪ್ರಭಾವ ಬೀರಿದ್ದರು. ಗುಂಪು ಹುರುಪಾಗುವ ಬದಲು ಬೇಗ ಚದುರಿತ್ತು.

ನನಗೆ ಇದು ಮುಖ್ಯ ಅನಿಸಲು ಕಾರಣ ಇದೆ. ಸುಳ್ಳಾದಷ್ಟೂ ಇವರು ಗಟ್ಟಿಯಾಗುತ್ತಾರೆ ಎಂದು ಮೊದಲೇ ತೀರ್ಮಾನಿಸಿದರೆ, ಅವರ ಹತ್ತಿರ ಹೋಗಿ ಮಾತಾಡುವ ಕೆಲಸವನ್ನೇ ಕೈಬಿಡುತ್ತೇವೆ. ನಿಜವಾಗಿ ಬಹಳ ಜನ ಸದ್ದಿಲ್ಲದೆ ಬಿಟ್ಟು ಬರುತ್ತಾರೆ. ಬರುವಾಗ ಅವರಿಗೆ ಹೋಗಲು ಜಾಗ ಇರುವುದಿಲ್ಲ. ಕ್ಯಾಂಪಿಂಗ್ ವಿಷಯದಲ್ಲಂತೂ ಇದು ಇನ್ನೂ ಕಷ್ಟ. ಸಭೆಗಳ ಕಾಲ 1988ಕ್ಕೇ ಮುಗಿಯಿತು, ಎಲ್ಲರೂ ನಿಮ್ಮ ನಿಮ್ಮ ಸಭೆ ಬಿಟ್ಟು ಬನ್ನಿ ಎಂದು ಅವರು ಕಲಿಸಿದ್ದರು. ನಂಬಿದವರು ಪಾಸ್ಟರ್, ಗೆಳೆಯರು, ಕೆಲವೊಮ್ಮೆ ಸ್ವಂತ ಮನೆಯವರನ್ನೂ ಬಿಟ್ಟಿದ್ದರು. ಮೇ 22ರ ಭಾನುವಾರ ಅವರು ಯಾವ ಆರಾಧನೆಗೆ ಹೋಗಬೇಕು?

ಆ ವಾರಾಂತ್ಯ ಹತ್ತಿರದ ಊರಿನ ಪಾಸ್ಟರ್ ಒಬ್ಬರು ಫ್ಯಾಮಿಲಿ ರೇಡಿಯೊ ಕಚೇರಿಯ ಮುಂದೆ ಹೋಗಿದ್ದರು. ಕುಸಿದು ಹೋದವರು ಯಾರಾದರೂ ಬಂದರೆ ಜೊತೆಗಿರೋಣ ಎಂಬುದಷ್ಟೇ ಉದ್ದೇಶ. ಅದೇ ಜಾಗದಲ್ಲಿ ಅಣಕಿಸಲು ಬಂದವರೂ ಇದ್ದರು. ಪಾರ್ಟಿ ಮಾಡಿದವರೂ ಇದ್ದರು. ಕ್ರೈಸ್ತರಲ್ಲೇ ಬಹಳ ಮಂದಿ ಒಂದು ವಚನ ಬರೆದು ಹಾಕಿ, ನಾವು ಅವರಂಥವರಲ್ಲ ಎಂದು ದೂರ ಸರಿದರು. ವಚನ ಸರಿಯೇ. ಅದನ್ನು ದಿನ ಬರುವ ಮೊದಲು ಎಷ್ಟು ಸಲ ಹೇಳಿದರೂ ಸಾಲದು. ದಿನ ಕಳೆದ ಮೇಲೆ, ಮನೆ ಮಾರಿ ಕೂತವನ ಮುಂದೆ ಅದೇ ವಚನ ಓದಿದರೆ ಅದು ಗಾಯದ ಮೇಲೆ ಬರೆ ಎಳೆದಂತೆ.

ಮೃದುವಾಗಿರುವುದು ಎಂದರೆ ಎಲ್ಲವನ್ನೂ ಬಿಟ್ಟುಕೊಡುವುದಲ್ಲ. ನಂಬಿದವನಿಗೆ ಒಂದು ಅಳತೆ, ನಂಬಿಸಿದವನಿಗೆ ಇನ್ನೊಂದು ಅಳತೆ ಬೇಕು. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ರ ಮಧ್ಯರಾತ್ರಿ ವಿಶ್ವಾಸಿಗಳು ಎತ್ತಲ್ಪಡುತ್ತಾರೆ ಎಂದು ದಾಮಿ ಮಿಷನ್ ಎಂಬ ಗುಂಪು ಸಾರಿತ್ತು. ಜನ ಕೆಲಸ ಬಿಟ್ಟರು, ಮನೆ ಮಾರಿ ಕಾಣಿಕೆ ಕೊಟ್ಟರು. ಅದರ ನಾಯಕ ಲೀ ಜಾಂಗ್ ರಿಮ್ ಒಂದು ತಿಂಗಳ ಮೊದಲೇ ವಂಚನೆ ಆರೋಪದಲ್ಲಿ ಬಂಧನಕ್ಕೊಳಗಾದರು. ಹಣ ಮುಂದಿನ ವರ್ಷ ಕೈಗೆ ಬರುವ ಬಾಂಡ್‌ಗಳು ಅವರ ಬಳಿ ಸಿಕ್ಕಿದ್ದವು. ಕೋರ್ಟು ಶಿಕ್ಷೆ ಕೊಟ್ಟಿತು. ಇಲ್ಲಿ ಪೊಲೀಸರು ಬಂದದ್ದೇ ಸರಿ ಎನ್ನುತ್ತೇನೆ.

ಉಗಾಂಡಾದ ಕನುಂಗುವಿನಲ್ಲಿ ಹಾಗೆ ಯಾರೂ ಮೊದಲೇ ಬರಲಿಲ್ಲ. ಹತ್ತು ಕಟ್ಟಳೆಗಳ ಹೆಸರಿಟ್ಟುಕೊಂಡ ಅಲ್ಲಿನ ಗುಂಪು 1999ರ ಡಿಸೆಂಬರ್ 31ಕ್ಕೆ ಲೋಕ ಮುಗಿಯುತ್ತದೆ ಎಂದಿತ್ತು. ಮುಗಿಯಲಿಲ್ಲ. ಜನ ತಾವು ಕೊಟ್ಟ ಸೊತ್ತು ವಾಪಸ್ ಕೇಳತೊಡಗಿದರು. ನಾಯಕರು ಹೊಸ ದಿನ ಕೊಟ್ಟರು. 2000ದ ಮಾರ್ಚ್ 17ರಂದು ಅವರ ಪ್ರಾರ್ಥನಾ ಮಂದಿರ ಹೊತ್ತಿ ಉರಿಯಿತು. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಲಾಗಿತ್ತು. ಒಳಗಿದ್ದ ನೂರಾರು ಜನ, ಮಕ್ಕಳೂ ಸೇರಿ, ಸತ್ತರು. ಆಮೇಲೆ ಬೇರೆ ಕಡೆ ಅಗೆದಾಗ ಮತ್ತೆ ನೂರಾರು ಹೆಣಗಳು ಸಿಕ್ಕವು. ಸುಳ್ಳಾದ ದಿನ ಮತ್ತು ವಾಪಸ್ ಕೇಳುವ ಜನ, ಇವೆರಡರ ನಡುವಿನ ವಾರಗಳು ಎಷ್ಟು ಅಪಾಯದವು ಎಂದು ಆ ಊರು ತೋರಿಸಿತು. ಹಾಗಾಗಿಯೇ ಇದು ಸುಮ್ನೆ ನಕ್ಕು ಬಿಡುವ ವಿಷಯ ಅಲ್ಲ.

ನಮ್ಮಲ್ಲಿ ಏನಾಗಬೇಕು? ನಾನು ಕಂಡ ಮಟ್ಟಿಗೆ ನಮ್ಮ ಸಭೆಗಳಲ್ಲಿ ಈ ವಿಷಯಕ್ಕೆ ಎರಡೇ ದಾರಿ. ಕೆಲವು ಕಡೆ ವರ್ಷವಿಡೀ ಕೊನೆಯ ಕಾಲದ ಪ್ರಸಂಗ: ಇಸ್ರೇಲ್‌ನಲ್ಲಿ ಯುದ್ಧವಾದರೆ ಒಂದು ಸಂದೇಶ, ಭೂಕಂಪವಾದರೆ ಇನ್ನೊಂದು. ಮತ್ತೆ ಕೆಲವು ಕಡೆ ಆ ಮಾತೇ ಇಲ್ಲ. ಬೈಬಲಿನ ಕೊನೆಯದಾದ ಪ್ರಕಟಣೆ ಪುಸ್ತಕ ತೆರೆಯುವುದೇ ಇಲ್ಲ. ಮೊದಲನೆಯದು ಭಯ ಬೆಳೆಸುತ್ತದೆ. ಎರಡನೆಯದು ಕುತೂಹಲ ಇರುವ ಹುಡುಗ ಹುಡುಗಿಯರನ್ನು ಯೂಟ್ಯೂಬ್ ಕೈಗೆ ಒಪ್ಪಿಸುತ್ತದೆ. ದಾನಿಯೇಲನ ದರ್ಶನ ಯಾವ ಕಾಲದ ಯಾವ ಸಂಕಟದಲ್ಲಿದ್ದ ಜನರಿಗೆ ಧೈರ್ಯ ಕೊಡಲು ಬಂದದ್ದು ಎಂದು ಒಂದು ಭಾನುವಾರ ಕೂತು ವಿವರಿಸಿದರೆ, 2,300ನ್ನು ವರ್ಷ ಮಾಡಿ ಎಣಿಸುವ ಆಸೆ ಅರ್ಧ ಕಡಿಮೆಯಾಗುತ್ತದೆ. ಇನ್ನೊಂದು, ಬೇರೆ ದೇಶದಲ್ಲಿ ಒಂಟಿಯಾಗಿ ದುಡಿಯುವ ನಮ್ಮವರು. ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದು ಫೋನ್ ಹಿಡಿದು ಮಲಗುವವರಿಗೆ ಈ ವಿಡಿಯೊಗಳು ಬೇಗ ನಾಟುತ್ತವೆ. ವಿಡಿಯೊ ಕಳಿಸಿದಾಗ ಗುಂಪಿನಲ್ಲಿ ನಗುವ ಎಮೋಜಿ ಹಾಕುವ ಬದಲು ಒಂದು ಫೋನ್ ಮಾಡಬಹುದು ಅಲ್ವಾ? ನಮ್ಮ ಗುಂಪಿಗೆ ಸೆಪ್ಟೆಂಬರ್‌ನಲ್ಲಿ ಆ ವಿಡಿಯೊ ಕಳಿಸಿದ ಅಕ್ಕ ಆಮೇಲೆ ಬಹಳ ದಿನ ಒಂದು ಮಾತೂ ಬರೆಯಲಿಲ್ಲ. ನಾನೂ ಕೂಡಲೇ ಫೋನ್ ಮಾಡಲಿಲ್ಲ. ಅದು ನನಗೆ ಚುಚ್ಚುತ್ತಲೇ ಇದೆ.

ದಾರಿ ತಪ್ಪಿದವರನ್ನು ಹೇಗೆ ಬರಮಾಡಿಕೊಳ್ಳಬಹುದು ಎಂಬುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ ಐನೂರು ವರ್ಷ ಹಳೆಯದು. ಜರ್ಮನಿಯ ಲೋಖೌ ಊರಿನ ಪಾಸ್ಟರ್ ಮಿಖಾಯೆಲ್ ಸ್ಟೀಫೆಲ್. ಕ್ರೈಸ್ತ ಸಭೆಯ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಅವರ ಗೆಳೆಯ. ಅಕ್ಷರಗಳಿಗೆ ಅಂಕಿ ಕೊಟ್ಟು ಬೈಬಲ್ ಓದುವ ಹುಚ್ಚು ಹತ್ತಿತು. 1533ರ ಅಕ್ಟೋಬರ್ 19, ಬೆಳಗ್ಗೆ 8 ಗಂಟೆಗೆ ಲೋಕದ ಕೊನೆ ಎಂದು ಗಂಟೆಯ ಸಮೇತ ಹೇಳಿದರು. ಬೇಡ ಎಂದು ಲೂಥರ್ ಮೊದಲೇ ಎಚ್ಚರಿಸಿದ್ದರು. ಕೇಳಲಿಲ್ಲ. ರೈತರು ಹೊಲದ ಕೆಲಸ ಬಿಟ್ಟರು, ಇದ್ದದ್ದನ್ನು ಖರ್ಚು ಮಾಡಿದರು. ಎಂಟು ಗಂಟೆ ಕಳೆಯಿತು. ಜನ ರೊಚ್ಚಿಗೆದ್ದರು. ಸ್ಟೀಫೆಲ್ ಅವರನ್ನು ಬಂಧಿಸಿದರು. ಅವರ ಸಭೆಯೂ ಕೈತಪ್ಪಿತು.

ಲೂಥರ್ ಆಗ ಕೈತೊಳೆದುಕೊಳ್ಳಬಹುದಿತ್ತು. ಸುಧಾರಣೆಯ ಶತ್ರುಗಳು ಹೊಂಚು ಹಾಕಿ ಕೂತಿದ್ದ ಕಾಲ ಅದು, ಇಂಥ ಗೆಳೆಯ ಇದ್ದಾನೆ ಎನ್ನುವುದೇ ಅವಮಾನ. ಆದರೂ ಅವರೂ ಅವರ ಜೊತೆಗಾರ ಫಿಲಿಪ್ ಮೆಲಾಂಕ್ಟನ್ ಅವರೂ ಸ್ಟೀಫೆಲ್ ಪರವಾಗಿ ಮಾತಾಡಿದರು. 1535ರಲ್ಲಿ ಹೋಲ್ಟ್ಸ್‌ಡೋರ್ಫ್ ಎಂಬ ಊರಿನಲ್ಲಿ ಅವರಿಗೆ ಮತ್ತೆ ಒಂದು ಸಭೆ ಸಿಕ್ಕಿತು. ಅಲ್ಲಿ ಸ್ಟೀಫೆಲ್ ಗಣಿತದ ಕಡೆ ತಿರುಗಿದರು. 1544ರಲ್ಲಿ ಅಂಕಗಣಿತದ ಮೇಲೆ ಲ್ಯಾಟಿನ್‌ನಲ್ಲಿ ದೊಡ್ಡ ಗ್ರಂಥ ಬರೆದರು. ಮುನ್ನುಡಿ ಬರೆದವರು ಮೆಲಾಂಕ್ಟನ್. ಇಂಗ್ಲಿಷ್ ಮೀಡಿಯಂ ಮಕ್ಕಳು ಗಣಿತದಲ್ಲಿ ಓದುವ ಎಕ್ಸ್‌ಪೊನೆಂಟ್ (ಘಾತಾಂಕ) ಎಂಬ ಪದವನ್ನು ಮೊದಲು ಬಳಸಿದ್ದು ಅದೇ ಗ್ರಂಥದಲ್ಲಿ. ಹಳೆಯ ಹುಚ್ಚು ಪೂರ್ತಿ ಹೋಗಲಿಲ್ಲ. ವಯಸ್ಸಾದ ಮೇಲೆ ಮತ್ತೆ ಅಕ್ಷರಗಳಿಗೆ ಅಂಕಿ ಕೊಟ್ಟು ಬೈಬಲ್ ಬಿಡಿಸಲು ಕೂತರು. ಆದರೆ ಅದಕ್ಕೂ ಮೊದಲು, ಹತ್ತಾರು ಭಾನುವಾರ ಅಲ್ಲ, ವರ್ಷಗಟ್ಟಲೆ ಹೋಲ್ಟ್ಸ್‌ಡೋರ್ಫ್‌ನ ಜನ ಅವರ ಪ್ರಸಂಗ ಕೇಳಿದರು, ಮಕ್ಕಳಿಗೆ ಅವರಿಂದ ದೀಕ್ಷಾಸ್ನಾನ ಮಾಡಿಸಿದರು, ಸತ್ತವರನ್ನು ಮಣ್ಣು ಮಾಡಲು ಅವರನ್ನೇ ಕರೆದರು.